ತಂತಿಯ ಮೇಲಿನ ಕಂಬಳಿ

ಅವತ್ತಿನ ಅನಾಹುತಕ್ಕೆಲ್ಲ ಮೂಲ ಒಂದು ಒದ್ದೆ ಕಂಬಳಿ. ಮಹಡಿಮನೆ ಅಜ್ಜಿ ಅದನ್ನು ತಾರಸಿಯ ತಂತಿಗೆ ಹರವಿದ್ದರು. ಅದು ಬಟ್ಟೆಯ ತಂತಿಯಲ್ಲ, ಕೆಳಮನೆ ಗಡಿಯಾರ ರಿಪೇರಿಯವನ ಹ್ಯಾಮ್ ರೇಡಿಯೋದ ಏರಿಯಲ್.

ಬೀದಿಯವರಿಗೆ ಅವನು ‘ಹಲೋ ಮಾವ’. ಹದಿನಾಲ್ಕು ವರ್ಷದಿಂದ ಪೆಟ್ಟಿಗೆಯ ಮುಂದೆ ಹಲೋ ಹಲೋ ಎಂದು ಗಂಟಲು ಹರಿದುಕೊಂಡು, ಹಡಗಿಗೆ ದಾರಿ ತೋರುವ ಲೈಟ್‌ಹೌಸುಗಳಲ್ಲಿ ಕೂತ ರೇಡಿಯೋದವರನ್ನು ಹುಡುಕಿ ಮಾತಾಡಿಸುತ್ತಿದ್ದ. ನೂರು ಲೈಟ್‌ಹೌಸಾದರೆ ಒಂದು ಪ್ರಶಸ್ತಿಪತ್ರ. ತೊಂಬತ್ತೊಂಬತ್ತಕ್ಕೆ ಬಂದ ಲೆಕ್ಕ ಎರಡು ವರ್ಷದಿಂದ ಮೊಂಡು ಎತ್ತಿನಂತೆ ಮಲಗಿಬಿಟ್ಟಿತ್ತು. ಅವತ್ತು ಎಂದೂ ಕೇಳದ ಕರೆಹೆಸರಿನ, ಅಂದರೆ ಕಾಲ್‌ಸೈನಿನ, ಲೈಟ್‌ಹೌಸೊಂದು ಸಂಜೆ ಐದರವರೆಗೆ ಮಾತ್ರ ಸಿಗುವುದಿತ್ತು.

ಹೆಂಡತಿ ಬೆಳಿಗ್ಗೆಯೇ ಕರಾರು ಹಾಕಿದ್ದಳು. “ಸಿಕ್ಕಿದ್ರೆ ಪ್ರಶಸ್ತಿಪತ್ರ ತೂಗುಹಾಕೋಕೆ ಗೋಡೆಗೆ ಮೊಳೆ ನಾನೇ ಹೊಡೀತೀನಿ. ಇಲ್ಲಾಂದ್ರೆ ಪೆಟ್ಟಿಗೆ ಅಟ್ಟಕ್ಕೆ.”

ಮಾವ ಕಂಬಳಿ ಎಳೆದ ರಭಸಕ್ಕೆ ತಂತಿಯೇ ತುಂಡಾಯಿತು. ಪಕ್ಕದ ದರ್ಜಿ ಏಣಿ ತಂದ, ಜೊತೆಗೆ ಸಲಹೆಯನ್ನೂ ತಂದ, ಎರಡನ್ನೂ ಕೈಬಿಡಲಿಲ್ಲ. ಏಣಿ ಹಿಡಿಯಲು ಬಂದ ರಿಟೈರ್ಡ್ ಮೇಷ್ಟರು ಮೂಗು ಒರೆಸಿಕೊಳ್ಳಲು ಕೈಬಿಟ್ಟರು. ಏಣಿಯಿಂದ ಬಿದ್ದ ಮಾವನ ಮಂಡಿ ಊದಿ ಕುಂಬಳಕಾಯಾಯಿತು. ತಂತಿ ಕೂಡಿಸಿ ಕುಂಟುತ್ತಾ ಇಳಿದು ಕೂತರೆ, ದರ್ಜಿಯ ಮೋಟಾರು ಮಿಷನ್ನಿನ ಗರಗರ ರೇಡಿಯೋ ತುಂಬ. ಕೈಮುಗಿದು ಅದನ್ನು ನಿಲ್ಲಿಸಿದ. ಕೆಲಸ ನಿಂತ ದರ್ಜಿ, ಮೇಷ್ಟರು, ಅಜ್ಜಿ ಎಲ್ಲರೂ ಬಂದು ಅವನ ಬೆನ್ನ ಹಿಂದೆ ಕೂತರು.

ಐದಕ್ಕೆ ಏಳು ನಿಮಿಷ. ಪೆಟ್ಟಿಗೆಯೊಳಗೆ ದನಿ ಕೇಳಿತು. ಮಾವ ಗುಂಡಿ ಒತ್ತಿ ತನ್ನ ಕರೆಹೆಸರು ಹೇಳಿದ.

“ಅಣ್ಣಾ, ನೀವಾ. ಮರೆತ್ರಾ? ಹತ್ತು ವರ್ಷದ ಹಿಂದೆ ಇದೇ ಲೈಟ್‌ಹೌಸಿಂದ ನಾನು ಮೊದಲು ಮಾತಾಡಿದ್ದು ನಿಮ್ಮ ಹತ್ರಾನೇ. ಲೈಟ್‌ಹೌಸಿಗೆ ನೂರು ವರ್ಷ ತುಂಬ್ತು ಅಂತ ಇವತ್ತೊಂದಿನ ಹೊಸ ಕರೆಹೆಸರು ಇಟ್ಕೊಂಡಿದೀವಿ ಅಷ್ಟೇ.”

ಹೆಸರು ಎಷ್ಟೇ ಬದಲಾದರೂ ಒಂದು ಲೈಟ್‌ಹೌಸು ಲೆಕ್ಕಕ್ಕೆ ಒಂದೇ ಸಲ. ಆ ನಿಯಮ ಅವನಿಗೆ ಬಾಯಿಪಾಠ. “ಬಹಳ ಸಂತೋಷ” ಎಂದ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಹಿಂದಿದ್ದವರು ಚಪ್ಪಾಳೆ ತಟ್ಟಿದರು. ಹೆಂಡತಿ ನಗುನಗುತ್ತಾ ಸುತ್ತಿಗೆ, ಮೊಳೆ ಹಿಡಿದು ಬಂದಳು. ಅವನು ತಲೆ ತಗ್ಗಿಸಿಕೊಂಡೇ ವಿಷಯ ಹೇಳಿದ. ಅವಳು ಸುತ್ತಿಗೆ ಕೆಳಗಿಟ್ಟು ಅಟ್ಟದ ಕಡೆ ನೋಡಿದಳು.

“ಏಣಿ ಹೇಗೂ ಇಲ್ಲೇ ಇದೆಯಲ್ಲ ಅಕ್ಕ” ಎಂದ ದರ್ಜಿ.

ಅಜ್ಜಿ ಮಾವನ ಬೆನ್ನು ಸವರಿದರು. “ಹೋಗ್ಲಿ ಬಿಡಪ್ಪ, ಕೊರಗಬೇಡ. ಅಂದ್ಹಾಗೆ, ತಂತಿ ಗಟ್ಟಿಯಾಗಿ ಕಟ್ಟಿದೀಯ ತಾನೇ?”

ಒದ್ದೆ ಕಂಬಳಿ ಅವರ ಕಂಕುಳಲ್ಲೇ ಇತ್ತು.