ನಾನು ಹೊತ್ತಿಸಿದ ಒಲೆಗಳು

ಸೆಗಣಿ ಗ್ಯಾಸ್, ಸೋಲಾರ್, ಸಿಲಿಂಡರ್ ಎಂದು ಸರಕಾರದ ಯೋಜನೆಗಳನ್ನು ಮನೆಮನೆಗೆ ಹೋಗಿ ಒಪ್ಪಿಸುವುದು ನನ್ನ ಕೆಲಸವಾಗಿತ್ತು. ಇಂಥ ಕೆಲಸದವನ ಮರ್ಯಾದೆ ತಿಂಗಳಿಗೊಮ್ಮೆಯಾದರೂ ಹೋಗುತ್ತದೆ, ಅದೂ ಚಾ ಕೊಟ್ಟು ಕೂರಿಸಿದ ಮೇಲೆ.

ಪರಿಮಳದ ಚಾ

ಬೆಳ್ಳಾರೆಯ ಒಬ್ಬರು ಅಜ್ಜಿಗೆ ಸೆಗಣಿ ಗ್ಯಾಸಿನಲ್ಲಿ ಕಾಸಿದ ಚಾ ಎಂದರೆ ಹೇಸಿಗೆ. ಧೈರ್ಯ ಹೇಳಲು ಸೊಸೆ ನನ್ನನ್ನು ಕರೆಸಿದರು. ಅಜ್ಜಿಯ ಎದುರೇ ಎರಡು ಗ್ಲಾಸ್ ಕುಡಿದು ತೋರಿಸಿದೆ.

"ಎಂತ ವಾಸನೆ ಉಂಟು ಅಜ್ಜಿ? ಪರಿಮಳ ಮಾತ್ರ."

"ವಾಸನೆ ಎಲ್ಲಿಂದ ಬರುದು?" ಎಂದರು ಅಜ್ಜಿ. "ನಿಮ್ಮ ಗ್ಯಾಸ್ ಬೆಳಗ್ಗಿನಿಂದ ಹೊತ್ತಲೇ ಇಲ್ಲ. ಇದು ಸೌದೆ ಒಲೆಯ ಚಾ."

ಯಾವ ವಾರ?

ಅರಂತೋಡಿನ ಕೃಷಿಕರೊಬ್ಬರು ನನ್ನ ಮಾತು ನಂಬಿ ಸೋಲಾರ್ ಪಂಪು ಹಾಕಿಸಿದರು. ಆಟಿ ತಿಂಗಳ ಮಳೆಯಲ್ಲಿ ಮೇಲಧಿಕಾರಿ ನೋಡಲು ಬಂದರು. ಪಂಪು ಅಲುಗಲಿಲ್ಲ.

"ಮಳೆಗಾಲದಲ್ಲಿ ನೀರುಂಟು, ಬಿಸಿಲಿಲ್ಲ," ಎಂದರು ಕೃಷಿಕರು. "ಎಪ್ರಿಲ್‌ನಲ್ಲಿ ಬಿಸಿಲುಂಟು, ಬಾವಿಯಲ್ಲಿ ನೀರಿಲ್ಲ. ಇದು ಓಡುವ ವಾರ ಯಾವುದು ಅಂತ ಹೇಳಿ ಸಾರ್, ಆ ವಾರ ನಾನು ಎಲ್ಲಿಗೂ ಹೋಗುದಿಲ್ಲ."

ಬಾವಿಯನ್ನು ಬೇಸಿಗೆಯಲ್ಲೊಮ್ಮೆ ಇಣುಕಿ ನೋಡಬೇಕಿತ್ತು ನಾನು. ನೋಡಿರಲಿಲ್ಲ. ವರದಿಯಲ್ಲಿ 'ಯಶಸ್ವಿ' ಎಂದು ಬರೆದೆ.

ಕಡಬದ ಗುಂಡಿ

ಕಡಬದ ಒಬ್ಬರು ಅಮ್ಮನ ಮನೆಗೆ ನಾನು ಮೂರು ಸಲ ಹೋದೆ. ಮೊದಲ ಸಲ ಸೆಗಣಿ ಗ್ಯಾಸಿನ ಗುಂಡಿ ತೋಡಿಸಿದೆ. ವರ್ಷಗಳಾದ ಮೇಲೆ ಸಿಲಿಂಡರ್ ಕೊಡಿಸಿ, "ಇನ್ನು ಸೆಗಣಿ ಬಾಚುವ ಕಷ್ಟ ಇಲ್ಲ," ಎಂದೆ. ಅವರು ನಂಬಿ ಇದ್ದ ಎರಡೂ ದನ ಮಾರಿದರು. ಮೊನ್ನೆ ಕರೆಂಟಿನ ಒಲೆಯ ಅರ್ಜಿ ಹಿಡಿದು ಹೋದೆ.

"ಸಿಲಿಂಡರ್ ಎಂತಾಯ್ತು?"

"ವಿದೇಶದಿಂದ ಬರುವ ಗ್ಯಾಸ್ ಅಮ್ಮ. ಅದನ್ನೇ ನಂಬಿ ಕೂರಬಾರದು ಅಂತ ಈಗ ಹೇಳ್ತಾರೆ."

"ನನ್ನ ದನ ವಿದೇಶದ್ದಾಗಿರಲಿಲ್ಲ ಮಾರಾಯ್ರೆ."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ತಪ್ಪಾಯ್ತು ಅಮ್ಮ ಎಂದೆ. ಅವರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಹಳೆಯ ಗ್ಯಾಸ್ ಗುಂಡಿಯ ಮೇಲಿನ ಡ್ರಮ್ಮು ತೆಗೆದು, ಗುಂಡಿ ತೊಳೆದು, ನೀರು ತುಂಬಿಸಿದ್ದರು. ಒಳಗೆ ಕೈಯುದ್ದದ ಮೀನುಗಳು.

ನಾನು ಬಗ್ಗಿ ನೋಡಿ, "ಮೀನು ಸಾಕಲಿಕ್ಕೂ ಒಂದು ಯೋಜನೆ—" ಎಂದು ಬಾಯಿ ತೆರೆದೆ.

ಅಮ್ಮ ಮೆಲ್ಲನೆ ನನ್ನ ಕೈ ಹಿಡಿದರು.

"ಬೇಡ ಮಾರಾಯ್ರೆ. ಇವಾದರೂ ಬದುಕಲಿ."