ಕೈ ಬದಲಾದ ಗುರುತು

ಮಧ್ಯಾಹ್ನದ ನಿದ್ದೆಯ ವಿಷಯದಲ್ಲಿ ನಿಜ ಹೇಳುವ ಹೆಂಗಸರನ್ನು ನಾನು ಇದುವರೆಗೆ ಕಂಡಿಲ್ಲ. ಕೇಳಿದರೆ ‘ಸುಮ್ನೆ ಬೆನ್ನು ಚಾಚಿದ್ದೆ ಅಷ್ಟೆ’ ಅನ್ನುತ್ತಾರೆ. ಕೆನ್ನೆಯ ಮೇಲೆ ಚಾಪೆಯ ಗೀರು ಎದ್ದು ಕಾಣುತ್ತಿರುತ್ತದೆ. ನಾನೂ ಅದೇ ಪೈಕಿಯವಳು. ಊಟ ಮುಗಿದು, ಪಾತ್ರೆ ಎತ್ತಿಟ್ಟು, ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತೆನೆಂದರೆ ಎರಡರಿಂದ ನಾಲ್ಕು ಗಂಟೆಯವರೆಗೆ ನಾನು ಈ ಲೋಕದವಳಲ್ಲ. ಇದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು. ಕಾರಣವಿದೆ. ಆ ಎರಡು ಗಂಟೆಗಳಲ್ಲಿ ನನ್ನ ಮನೆಯಲ್ಲಿ ನಡೆದದ್ದನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಇನ್ನು ಮುಂದೆ ನೆಮ್ಮದಿಯಾಗಿ ಕಣ್ಣು ಮುಚ್ಚಲು ನನ್ನಿಂದಾಗದು.

ಶಿಕಾರಿಪುರದಲ್ಲಿ ನಮ್ಮದೊಂದು ಹೆಣಿಗೆ ಗುಂಪಿದೆ. ಪ್ರತಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಲಲಿತಮ್ಮನವರ ಜಗಲಿಯಲ್ಲಿ ಏಳೆಂಟು ಜನ ಸೇರುತ್ತೇವೆ. ಉಲ್ಲನ್ ಹಾಕಿಕೊಳ್ಳುವಷ್ಟು ಚಳಿ ನಮ್ಮೂರಲ್ಲಿ ವರ್ಷಕ್ಕೆ ಮೂರು ವಾರ ಬಿದ್ದರೆ ಹೆಚ್ಚು. ಉಳಿದ ದಿನಗಳಲ್ಲಿ ಫ್ಯಾನಿನ ಕೆಳಗೆ ಕೂತು, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, ಯಾರೂ ಕೇಳದ ಕಾಲುಚೀಲ ಹೆಣೆಯುತ್ತೇವೆ. ಲಲಿತಮ್ಮ ಪ್ರೈಮರಿ ಶಾಲೆಯ ಹೆಡ್‌ಮೇಡಂ ಆಗಿದ್ದವರು. ನಿವೃತ್ತಿಯಾದರೂ ಹಾಜರಿ ಪುಸ್ತಕದ ಚಟ ಬಿಟ್ಟಿಲ್ಲ. ನಮಗೆಲ್ಲ ಒಂದು ಗುರಿ ಪುಸ್ತಕ ಇಟ್ಟಿದ್ದಾರೆ. ಯುಗಾದಿ ಕಳೆದ ಮೊದಲ ಶನಿವಾರ ಒಬ್ಬೊಬ್ಬರೂ ಆ ವರ್ಷ ಏನು ಮಾಡಿ ಮುಗಿಸುತ್ತೇವೆಂದು ಅದರಲ್ಲಿ ಬರೆಸಬೇಕು. ಒಬ್ಬರು ಎರಡು ಶಾಲು ಅನ್ನುತ್ತಾರೆ, ಇನ್ನೊಬ್ಬರು ಮೊಮ್ಮಕ್ಕಳಿಗೆಲ್ಲ ಟೊಪ್ಪಿ ಅನ್ನುತ್ತಾರೆ. ನನ್ನ ಹೆಸರಿನ ಮುಂದೆ ನಾಲ್ಕು ವರ್ಷದಿಂದ ‘ಒಂದು ಮಫ್ಲರ್’ ಎಂದಿದೆ. ಅದೇ ಮಫ್ಲರ್, ಬೂದು ಬಣ್ಣದ್ದು. ಒಂದು ಗೇಣು ಆಗಿದೆ. ನಾಲ್ಕು ವರ್ಷಕ್ಕೆ ಒಂದು ಗೇಣಾದರೆ ತಮ್ಮ ಕುತ್ತಿಗೆಗೆ ಎರಡು ಸುತ್ತು ಬರಲು ಎಷ್ಟು ವರ್ಷ ಬೇಕೆಂದು ನಮ್ಮ ಯಜಮಾನರು ಒಮ್ಮೆ ಲೆಕ್ಕ ಹಾಕಿದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು ಅವರು. ಉತ್ತರ ಬಂದ ಮೇಲೆ ನನ್ನ ಮುಖ ನೋಡಿದರು, ಹೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ಅವರಿಗಿಲ್ಲ. ಈ ಗುಣವನ್ನು ನೀವು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಗುಂಪಿನ ನಿಜವಾದ ಹೆಣಿಗೆಗಾರ್ತಿ ಎಂದರೆ ಸರೋಜಕ್ಕ. ಸೊರಬದಾಚೆಯ ಜಡೆಯಿಂದ ಎರಡು ಬಸ್ಸು ಬದಲಾಯಿಸಿ, ಶಿರಾಳಕೊಪ್ಪದಲ್ಲಿ ಇಳಿದು ಉಲ್ಲನ್ ಕೊಂಡು, ಹನ್ನೊಂದಕ್ಕೆ ಸರಿಯಾಗಿ ಜಗಲಿ ಹತ್ತುತ್ತಿದ್ದರು. ಕೆರೆ ಏರಿಯ ಈಚೆ ಮನೆಯಿರುವ ನಾನು ಹನ್ನೊಂದೂವರೆಗೆ ಹೋಗುತ್ತಿದ್ದೆ. ಅವರದು ಎಡಗೈ. ಹಾಗಾಗಿ ಅವರಿಂದ ಕಲಿಯುವುದು ಯಾರಿಗೂ ಆಗುತ್ತಿರಲಿಲ್ಲ. ಎದುರು ಕೂತು ನೋಡಿದರೆ ಎಲ್ಲ ತಿರುಗುಮುರುಗಾಗಿ ನಮ್ಮ ಕೈಯೇ ನಮಗೆ ಮರೆತುಹೋಗುತ್ತಿತ್ತು. ಹುಳ ಬೀಳದಿರಲಿ ಎಂದು ಉಲ್ಲನ್ ಚೀಲದಲ್ಲಿ ಲವಂಗ ಹಾಕಿಟ್ಟಿರುತ್ತಿದ್ದರು. ಅವರು ಪಕ್ಕದಲ್ಲಿ ಕೂತರೆ ಲವಂಗದ ವಾಸನೆ. ಒಂದೇ ಒಂದು ಕೆಟ್ಟ ಗುಣವಿತ್ತು. ಯಾರ ಕೈಯಲ್ಲಾದರೂ ತಪ್ಪು ಹೆಣಿಗೆ ಕಂಡರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಹೇಳದೆ ಕೇಳದೆ ಕಿತ್ತುಕೊಂಡು, ಲೊಚಗುಟ್ಟುತ್ತ, ಸರಸರ ಬಿಚ್ಚಿಬಿಡುತ್ತಿದ್ದರು. “ಎಂತ ಮಾರಾಯ್ತಿ ಇದು, ಹೆಣಿಗೆಯೋ ಜರಡಿಯೋ? ಇದನ್ನ ಹಾಕ್ಕಂಡ್ರೆ ಚಳಿ ಒಳಗೆ ಬಂದು ಹೊರಗೆ ಹೋಗೂದೇ ಇಲ್ಲ.” ನನ್ನ ಮಫ್ಲರ್ ನಾಲ್ಕು ವರ್ಷಕ್ಕೆ ಒಂದು ಗೇಣೇ ಆಗಿದ್ದಕ್ಕೆ ಅರ್ಧ ಕಾರಣ ನಾನು, ಅರ್ಧ ಕಾರಣ ಅವರು. ಆಗ ಸಿಟ್ಟು ಬರುತ್ತಿತ್ತು. ಈಗ ಶನಿವಾರ ಅವರು ಕೂರುತ್ತಿದ್ದ ಮೂಲೆಯ ಮಣೆಯ ಮೇಲೆ ನಾವು ಯಾರೂ ಕೂರುವುದಿಲ್ಲ.

ಹೋದ ಚಳಿಗಾಲದ ಕೊನೆಗೆ ಸರೋಜಕ್ಕ ತೀರಿಕೊಂಡರು. ಎರಡು ದಿನದ ಜ್ವರ, ಮೂರನೇ ದಿನ ಇಲ್ಲ. ಸೊರಬದಲ್ಲಿರುವ ಅವರ ಮಗಳು ರೇಖಾ ಆಗ ತುಂಬಿದ ಬಸುರಿ. ಹುಟ್ಟುವ ಮಗುವಿಗೆಂದು ಅರಿಸಿನ ಬಣ್ಣದ, ತೋಳಿಲ್ಲದ ಪುಟ್ಟ ಸ್ವೆಟರೊಂದನ್ನು ಸರೋಜಕ್ಕ ಶುರುಮಾಡಿದ್ದರು. ಬೆನ್ನಿನ ಭಾಗ ಮುಗಿದಿತ್ತು, ಎದೆಯ ಭಾಗ ನಾಲ್ಕು ಬೆರಳು ಆಗಿ ಕಡ್ಡಿಯ ಮೇಲೇ ನಿಂತಿತ್ತು. ನಮ್ಮ ಗುಂಪಿನಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ಊರು ಬಿಟ್ಟರೆ, ಕೈಲಾಗದೆ ಹೋದರೆ, ತೀರಿಕೊಂಡರೆ, ಅವರ ಅರ್ಧ ಕೆಲಸವನ್ನು ಇನ್ನೊಬ್ಬರು ಮುಗಿಸಬೇಕು. ಆದರೆ ಮೊದಲಿನವರು ಎಲ್ಲಿ ಬಿಟ್ಟರೋ ಆ ಸಾಲಿಗೆ ಒಂದು ಕೆಂಪು ದಾರ ಕಟ್ಟಬೇಕು. ಅದು ಕೈ ಬದಲಾದ ಗುರುತು. ಅದರ ಕೆಳಗಿನದು ಅವರದು, ಮೇಲಿನದು ನಮ್ಮದು. ಕೆಳಗಿನ ಒಂದು ಕುಣಿಕೆಯನ್ನೂ ಬಿಚ್ಚುವ ಹಾಗಿಲ್ಲ, ದಾರವನ್ನು ಕೊನೆಯವರೆಗೂ ತೆಗೆಯುವ ಹಾಗಿಲ್ಲ.

ಯಾರು ಮುಗಿಸಬೇಕೆಂದು ಚೀಟಿ ಎತ್ತಿದೆವು. ನನ್ನ ಹೆಸರು ಬಂತು. ಲಲಿತಮ್ಮ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇನ್ನೊಂದ್ಸಲ ಎತ್ತೋಣೇನ್ರೀ?” ಅಂದರು. ಅಷ್ಟು ಹೇಳದಿದ್ದರೆ ನಾನೇ ಬೇಡವೆನ್ನುತ್ತಿದ್ದೆನೇನೋ. ಅವರು ಹಾಗೆಂದ ಮೇಲೆ ನನಗೆ ಮೈಯೆಲ್ಲ ಉರಿಯಿತು. “ಯಾಕ್ರೀ, ನನಗೇನು ಕೈಯಿಲ್ವಾ?” ಎಂದು ಸರೋಜಕ್ಕನ ಚೀಲ ಎತ್ತಿಕೊಂಡು ಬಂದೆ. ಸಂಜೆ ರೇಖಾಳಿಂದ ಫೋನು. “ಆಂಟಿ, ನೀವೇ ಮುಗಿಸ್ತೀರಂತೆ. ತೊಟ್ಟಿಲಿಗೆ ಹಾಕೋ ದಿನಕ್ಕೆ ಆದ್ರೆ ಸಾಕು. ಆದ್ರೆ ಅಮ್ಮ ಎಲ್ಲೀತನಕ ಹೆಣೆದಿದ್ದು ಅಂತ ಗುರುತು ಹಾಕಿ, ಅಕಾ? ಮಗು ಹಾಕ್ಕಂಡಾಗ ಅಲ್ಲೀತನಕ ಕೈ ಇಟ್ಟು ನೋಡೂಕೆ.” ಫೋನಿಟ್ಟ ಮೇಲೆ ನಾನು ಮಾಡಿಕೊಂಡ ಎಡವಟ್ಟು ಏನೆಂದು ನನಗೆ ಅರ್ಥವಾಯಿತು. ಇದು ಯಜಮಾನರ ಮಫ್ಲರ್ ಅಲ್ಲ. ಅವಸರದಲ್ಲಿ ಒಂದು ಕುಣಿಕೆ ಕಡ್ಡಿಯಿಂದ ಜಾರಿ ಕೆಳಗಿಳಿದರೆ ಹೋಗುವುದು ಸರೋಜಕ್ಕನ ಕೈಯ ಕೊನೆಯ ಕೆಲಸ.

ಮಾರನೆಯ ದಿನ ಊಟವಾದ ಮೇಲೆ ಕುರ್ಚಿಯಲ್ಲಿ ಕೂತು ಕೆಂಪು ದಾರ ಕಟ್ಟಿದೆ. ನಾನು ಏನು ಕಟ್ಟಿದರೂ ಮೂರು ಗಂಟು. ಹಪ್ಪಳದ ಚೀಲಕ್ಕೂ ಮೂರು ಗಂಟು, ಬಿಚ್ಚಲಾಗದೆ ಕೊನೆಗೆ ಕತ್ತರಿಯೇ ಗತಿ. ಕಡ್ಡಿ ಕೈಗೆತ್ತಿಕೊಂಡೆ, ಭಯವಾಯಿತು, ಕೆಳಗಿಟ್ಟೆ. ಒಂದು ಕುಣಿಕೆಯನ್ನೂ ಹಾಕಲಿಲ್ಲ. ಅಷ್ಟರಲ್ಲಿ ಕಣ್ಣು ಎಳೆಯಿತು. ನಿದ್ದೆಯಲ್ಲಿ ಎಲ್ಲೋ ಕಡ್ಡಿಗೆ ಕಡ್ಡಿ ತಾಗುವ ಟಿಕ್ ಟಿಕ್ ಸದ್ದು ಕೇಳುತ್ತಿತ್ತು. ಗಡಿಯಾರವೆಂದುಕೊಂಡೆ. ಎದ್ದಾಗ ನಾಲ್ಕು ಗಂಟೆ, ಕಿಟಕಿಯಲ್ಲಿ ಬಿಸಿಲು ಹಾಗೇ ಇತ್ತು. ನಮ್ಮ ನಡುಮನೆಯ ಗಡಿಯಾರ ದಸರಾದಿಂದ ನಿಂತಿದೆಯೆಂದು ಆಗ ನೆನಪಾಯಿತು. ತೊಡೆಯ ಮೇಲಿನ ಸ್ವೆಟರ್ ನೋಡಿದರೆ ನಾಲ್ಕು ಬೆರಳಿದ್ದದ್ದು ಐದು ಬೆರಳಾಗಿದೆ.

ನಾನು ಮೊದಲು ಮಾಡಿದ ಕೆಲಸವೆಂದರೆ ಅಳತೆ ಮಾಡಿದ್ದು ನನ್ನ ಬೆರಳೇ ತಾನೇ ಎಂದು ಬೆರಳನ್ನು ನೋಡಿಕೊಂಡದ್ದು. ಎರಡನೆಯದಾಗಿ ಕೆಂಪು ದಾರ ಹುಡುಕಿದೆ. ನಾನು ಕಟ್ಟಿದ ಸಾಲಿನಲ್ಲಿ ಅದಿರಲಿಲ್ಲ. ಒಂದು ಬೆರಳು ಮೇಲೆ, ಕಡ್ಡಿಗೆ ತಾಗಿಕೊಂಡು, ಹೊಸ ಸಾಲಿನಲ್ಲಿತ್ತು. ಒಂದೇ ಗಂಟು, ಚಪ್ಪಟೆಯಾಗಿ, ಅಚ್ಚುಕಟ್ಟಾಗಿ. ಯಜಮಾನರು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿದ್ದರು. “ಏನ್ರೀ, ನಾನು ಮಲಗಿದ್ದಾಗ ಮನೆಗೆ ಯಾರಾದ್ರೂ ಬಂದಿದ್ರಾ?” ಎಂದು ಕೇಳಿದೆ. “ಇಲ್ಲ, ಯಾರೂ ಬಂದಿಲ್ಲ” ಅಂದರು. ಪೇಪರಿನಿಂದ ಕಣ್ಣು ತೆಗೆಯಲಿಲ್ಲ.

ಹೀಗೇ ಹದಿಮೂರು ದಿನ ನಡೆಯಿತು. ದಿನಾ ಒಂದೊಂದು ಬೆರಳು, ಕೆಲವು ದಿನ ಅರ್ಧ ಬೆರಳು. ನಾನು ದಾರವನ್ನು ಬಿಚ್ಚಿ ಹಳೆಯ ಸಾಲಿನಲ್ಲಿ ಮೂರು ಗಂಟು ಹಾಕಿ ಕಟ್ಟುವುದು, ನಾಲ್ಕು ಗಂಟೆಗೆ ಎದ್ದರೆ ಅದು ಒಂದೇ ಗಂಟಿನಲ್ಲಿ ಮೇಲೆ ಹೋಗಿ ಕೂತಿರುವುದು. ಎದ್ದಾಗಲೆಲ್ಲ ನನ್ನ ಬೆರಳಿನಲ್ಲಿ ಲವಂಗದ ವಾಸನೆ. ಒಂದು ದಿನ ಸಾಬೂನು ಹಚ್ಚಿ ತೊಳೆದುಕೊಂಡು ಮಲಗಿದೆ, ಆಗಲೂ ಇತ್ತು. ಹೆದರಿ ಒಂದು ಮಧ್ಯಾಹ್ನ ಮಲಗಲೇಬಾರದೆಂದು ಕಾಫಿ ಕುಡಿದು, ಕಣ್ಣಿಗೆ ನೀರು ಹಾಕಿಕೊಂಡು ಕೂತೆ. ಆ ದಿನ ಸ್ವೆಟರ್ ಒಂದು ಎಳೆಯೂ ಬೆಳೆಯಲಿಲ್ಲ. ತೊಟ್ಟಿಲ ದಿನ ಹತ್ತಿರ ಬರುತ್ತಿತ್ತು. ಮಾರನೆಯ ದಿನ ನಾನಾಗಿಯೇ ಹೋಗಿ ಬೇಗ ಮಲಗಿದೆ. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಭಯದ ಜೊತೆಗೆ ನನಗೆ ಸಣ್ಣ ಖುಷಿಯೂ ಶುರುವಾಗಿತ್ತು. ಶನಿವಾರ ಜಗಲಿಯಲ್ಲಿ ಸ್ವೆಟರನ್ನು ಮಡಿಲಿನಿಂದ ಸ್ವಲ್ಪವೇ ಹೊರತೆಗೆದು, “ಏನೋ ಹಾಗೇ, ಬಿಡುವಾದಾಗ ಒಂದೆರಡು ಸಾಲು” ಎಂದೆ. ಲಲಿತಮ್ಮ ಕನ್ನಡಕ ಏರಿಸಿ ನೋಡಿ, “ವನಜಾ, ಇದು ನಿಮ್ಮ ಕೈಯಲ್ಲ ಕಣ್ರೀ. ಶಿರಾಳಕೊಪ್ಪದಾಗ ಯಾರಿಗಾದ್ರೂ ಕೊಟ್ಟು ಹೆಣಿಸ್ತಿದ್ದೀರೇನ್ರೀ?” ಅಂದರು. ನಾನು ಆಣೆ ಮಾಡಿ, “ಈ ಸ್ವೆಟರ್ ನನ್ನ ಮನೆ ಬಿಟ್ಟು ಆಚೆ ಹೋಗಿಲ್ಲ” ಎಂದೆ. ಅದು ನಿಜವೇ ಆಗಿತ್ತು. ಅಷ್ಟು ನಿಜವನ್ನು ಅಷ್ಟು ಸುಳ್ಳಾಗಿ ನಾನು ಯಾವತ್ತೂ ಹೇಳಿರಲಿಲ್ಲ.

ಹದಿಮೂರನೆಯ ದಿನ ಎದ್ದಾಗ ಸ್ವೆಟರ್ ಕಡ್ಡಿಯಿಂದ ಇಳಿದು, ಕುತ್ತಿಗೆಯ ಅಂಚು ಮುಗಿದು, ಮಡಚಿಟ್ಟ ಹಾಗೆ ತೊಡೆಯ ಮೇಲಿತ್ತು. ಕಡ್ಡಿಗಳೆರಡೂ ಪಕ್ಕದಲ್ಲಿ ಜೋಡಿಸಿಟ್ಟಿದ್ದವು. ಕೆಂಪು ದಾರ ಕೊಟ್ಟಕೊನೆಯ ಕುಣಿಕೆಯಲ್ಲಿತ್ತು. ಅದನ್ನು ಬಿಚ್ಚಿ ಸರಿಯಾದ ಜಾಗಕ್ಕೆ ಕಟ್ಟಬೇಕೆಂದು ಹೊರಟೆ. ಆ ಒಂದು ಗಂಟು ಮಾತ್ರ ಬಿಚ್ಚಲಿಲ್ಲ. ಉಗುರಿನಲ್ಲಿ ಕೆದಕಿದೆ, ಸೂಜಿಯಲ್ಲಿ ಎತ್ತಿದೆ. ಕತ್ತರಿ ತಂದು ಹಾಗೇ ವಾಪಸು ಇಟ್ಟೆ, ಮತ್ತೆ ಅದರ ಗೋಜಿಗೆ ಹೋಗಲಿಲ್ಲ. ಪಕ್ಕದ ಹೊಲಿಗೆಯನ್ನು ಲಲಿತಮ್ಮ ಹಾಕಿಕೊಟ್ಟರು. ದಾರ ನೋಡಿ ಹುಬ್ಬು ಗಂಟಿಕ್ಕಿದರು.

ತೊಟ್ಟಿಲ ದಿನ ನಾವು ಮೂವರು, ನಾನು, ಯಜಮಾನರು, ಲಲಿತಮ್ಮ, ಬಸ್ಸಿನಲ್ಲಿ ಸೊರಬಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಒಂದು ವಿನಯದ ಭಾಷಣ ಸಿದ್ಧಮಾಡಿಕೊಂಡೆ. ‘ನನ್ನದೇನಿದೆ ರೇಖಾ, ಏನೋ ನಾಲ್ಕು ಸಾಲು’ ಎಂದು ಶುರುವಾಗಿ, ಎಲ್ಲರೂ ‘ಅಯ್ಯೋ ಹಾಗನ್ನಬೇಡಿ’ ಅನ್ನುವಲ್ಲಿಗೆ ಮುಗಿಯುವಂಥದ್ದು. ರೇಖಾ ಸ್ವೆಟರನ್ನು ಮಗುವಿನ ಮೇಲೆ ಹರಡಿದಳು. ಬುಡದಿಂದ ಬೆರಳಿಟ್ಟು ಮೆಲ್ಲಗೆ ಮೇಲಕ್ಕೆ ಸರಿಸುತ್ತ ಬಂದಳು. ಅಮ್ಮ ನಿಲ್ಲಿಸಿದ ಜಾಗ ಹುಡುಕುತ್ತಿದ್ದಾಳೆಂದು ನಮಗೆಲ್ಲ ಗೊತ್ತಿತ್ತು. ಹೊಟ್ಟೆ ದಾಟಿತು, ಎದೆ ದಾಟಿತು, ಬೆರಳು ನಿಲ್ಲಲಿಲ್ಲ. ಕೈ ಬದಲಾದರೆ ಬಿಗಿ ಬದಲಾಗುತ್ತದೆ, ಯಾರ ಬೆರಳಿಗಾದರೂ ತಿಳಿಯುತ್ತದೆ. ಅಲ್ಲಿ ಏನೂ ಬದಲಾಗಿರಲಿಲ್ಲ. ಕುತ್ತಿಗೆಯ ಕೊನೆಯ ಕುಣಿಕೆಯಲ್ಲಿ ದಾರ ಸಿಕ್ಕಿತು. ಅವಳು ತಲೆಯೆತ್ತಿ ನನ್ನ ನೋಡಿದಳು. “ಆಂಟಿ, ಹಂಗಾರೆ ಅಮ್ಮನೇ ಮುಗಿಸಿದ್ಲಾ ಇದನ್ನ?”

ಭಾಷಣವನ್ನು ಅಲ್ಲಿಗೇ ಬಿಟ್ಟೆ. ನಾಲ್ಕು ವರ್ಷಗಳಲ್ಲಿ ಗುರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಒಂದು ಸರಿ ಗುರುತು ಬೀಳುವ ಸಂದರ್ಭ ಅದೊಂದೇ ಬಂದಿತ್ತು. “ಹೌದಮ್ಮ, ಅವರೇ ಮುಗಿಸಿದ್ದು” ಎಂದೆ. “ನಾನು ಒಂದು ಕುಣಿಕೆಯನ್ನೂ ಹಾಕಿಲ್ಲ.” ರೇಖಾ ಸ್ವೆಟರಿಗೆ ಮುಖ ಒತ್ತಿಕೊಂಡು ಅತ್ತಳು. ಅತ್ತು, ಮೂಗೊರೆಸಿಕೊಂಡು, “ಲವಂಗ” ಎಂದು ನಕ್ಕಳು. ಲಲಿತಮ್ಮ ನನ್ನತ್ತ ನೋಡಿದ ನೋಟದಲ್ಲಿ, ಈ ಪುಣ್ಯಾತ್ಗಿತ್ತಿ ಒಂದು ಕೆಲಸ ಮಾಡಿದಳು, ಅದನ್ನೂ ಬಿಟ್ಟುಕೊಟ್ಟಳು ಎನ್ನುವ ಮೆಚ್ಚುಗೆಯಿತ್ತು. ಅದನ್ನು ನಾನು ಅಲ್ಲಗಳೆಯಲಿಲ್ಲ. ಇಷ್ಟಾದರೂ ಇರಲಿ ಅನ್ನಿಸಿತು.

ವಾಪಸು ಬರುವಾಗ ಬಸ್ಸು ಶಿರಾಳಕೊಪ್ಪದಲ್ಲಿ ನಿಂತಿತ್ತು. ಲಲಿತಮ್ಮ ಉಲ್ಲನ್ ನೋಡಲು ಇಳಿದಿದ್ದರು. ಪಕ್ಕದಲ್ಲಿ ಕೂತ ಯಜಮಾನರನ್ನು ಕಡೆಗೂ ಕೇಳಿದೆ, “ನಿಜ ಹೇಳ್ರಿ, ಆ ಸ್ವೆಟರ್ ಹೆಣೆದಿದ್ದು ಯಾರು?” ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಯಾರು ಅಂದ್ರೆ? ನೀನೇ. ದಿನಾ ಮಧ್ಯಾಹ್ನ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಕೊಂಡು ಹೆಣೀತಿದ್ದೆ. ಜಂಬ ತೋರಿಸ್ತಿದ್ದೀಯ ಅಂದ್ಕೊಂಡೆ.” ನನಗೆ ಜೀವ ಬಂದ ಹಾಗಾಯಿತು. ನಿದ್ದೆಯಲ್ಲಿ ನಡೆಯುವವರಿಲ್ಲವೇ, ನಾನು ಹೆಣೆದೆ. ಹಾಗಿದ್ದರೆ ಸರಿ ಗುರುತು ನನ್ನದೇ ಎಂದು ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತು. “ಮತ್ತೆ ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ?” “ನೀನು ಕೇಳಿದ್ದು ಯಾರಾದ್ರೂ ಬಂದಿದ್ರಾ ಅಂತ” ಅಂದರು. ಲಲಿತಮ್ಮ ಹತ್ತಿ ಮುಂದಿನ ಸೀಟಿನಲ್ಲಿ ಕೂತರು, ಬಸ್ಸು ಹೊರಟಿತು. ಯಾವತ್ತೂ ಪ್ರಶ್ನೆ ಕೇಳದ ಮನುಷ್ಯ ಒಂದು ಪ್ರಶ್ನೆ ಕೇಳಿದರು. “ಅದ್ಸರಿ, ಎಡಗೈಯಲ್ಲಿ ಹೆಣೆಯೋದನ್ನ ಯಾವಾಗ ಕಲಿತೆ?”

ನಾನು ಉಳಿದ ದಾರಿಯೆಲ್ಲ ನನ್ನ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಂದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆಯಿಂದ ಮುಗಿಯುತ್ತಿತ್ತು. ಆದರೆ ಮನುಷ್ಯರ ಆಸೆ ನೋಡಿ. ಒಂದು ವಾರ ಹೆದರಿಕೊಂಡಿದ್ದವಳು, ಎರಡನೆಯ ವಾರ ನನ್ನ ಬೂದು ಮಫ್ಲರನ್ನು ಕಪಾಟಿನಿಂದ ತೆಗೆದೆ. ಧೂಳು ಕೊಡವಿ, ಕಡ್ಡಿ ಜೋಡಿಸಿ, ಸರೋಜಕ್ಕನ ಚೀಲದಲ್ಲಿ ಉಳಿದಿದ್ದ ಕೆಂಪು ದಾರದ ತುಂಡನ್ನು ನಾನು ನಿಲ್ಲಿಸಿದ ಸಾಲಿಗೆ ಮೂರು ಗಂಟು ಹಾಕಿ ಕಟ್ಟಿದೆ. ತೊಡೆಯ ಮೇಲಿಟ್ಟುಕೊಂಡು, ‘ಸರೋಜಕ್ಕ, ಯುಗಾದಿ ಹತ್ತಿರ ಬಂತು’ ಎಂದು ಮನಸ್ಸಿನಲ್ಲೇ ಹೇಳಿ ಕಣ್ಣು ಮುಚ್ಚಿದೆ. ಎದ್ದಾಗ ಬೆರಳಿನಲ್ಲಿ ಲವಂಗದ ವಾಸನೆ ಬಂತು. ಖುಷಿಯಿಂದ ಕೆಳಗೆ ನೋಡಿದೆ. ಮಫ್ಲರ್ ಇರಲಿಲ್ಲ. ನಾಲ್ಕು ವರ್ಷದ ಒಂದು ಗೇಣು ಪೂರ್ತಿ ಬಿಚ್ಚಿ, ಬೂದು ಉಲ್ಲನ್ ಗುಂಡಗೆ ಉಂಡೆಯಾಗಿ ತೊಡೆಯ ಮೇಲೆ ಕೂತಿತ್ತು. ಅದರ ಮೇಲೆ ಕೆಂಪು ದಾರ, ಒಂದೇ ಗಂಟು. ಬಾಗಿಲಲ್ಲಿ ಯಜಮಾನರು ನಿಂತಿದ್ದರು. “ಬಿಚ್ಚುವಾಗ ಲೊಚಗುಟ್ಟುತಾ ಇದ್ದೆ” ಅಂದರು.

ಯುಗಾದಿ ಕಳೆದ ಮೊದಲ ಶನಿವಾರ ಲಲಿತಮ್ಮ ಪುಸ್ತಕ ತೆರೆದು, ಕೇಳುವ ಮೊದಲೇ ನನ್ನ ಹೆಸರಿನ ಮುಂದೆ ‘ಒಂದು ಮಫ್ಲರ್’ ಎಂದು ಬರೆದುಬಿಟ್ಟರು. ಮೂಲೆಯ ಖಾಲಿ ಮಣೆಯ ಕಡೆ ನೋಡದೆ ನಾನು ಪೆನ್ನು ಇಸಿದುಕೊಂಡು ಅದರ ಪಕ್ಕದಲ್ಲಿ ಇನ್ನೊಂದು ಮಾತು ಸೇರಿಸಿದೆ: ‘ಎಚ್ಚರವಾಗಿದ್ದು.’ ಬರೆದು ಮುಗಿಸಿದ ಮೇಲೆ ಲಲಿತಮ್ಮ ನನ್ನ ಕೈಯನ್ನೇ ನೋಡುತ್ತಿರುವುದು ಕಂಡಿತು. ಪೆನ್ನು ಎಡಗೈಯಲ್ಲಿತ್ತು.