ಬರ್ತೀನಿ ಅಂದವರನ್ನೆಲ್ಲ ಹೊತ್ತ ಜೀಪು

"ಎಲ್ಲರೂ ಹಿಂದಕ್ಕೆ ಸರೀರಿ! ವಿಜ್ಞಾನಕ್ಕೆ ಸ್ವಲ್ಪ ಜಾಗ ಬಿಡಿ!"

ಜೀಪಿನ ಬಾನೆಟ್ಟಿನ ಮೇಲೆ ನಿಂತು ಹೀಗೆ ಘೋಷಿಸಿದವನು ನನ್ನ ಮೈದುನ ಗುರುಮಲ್ಲೇಶ. ಎಲ್ಲರೂ ಅಂದರೆ ಅಂಗಳದಲ್ಲಿ ಇದ್ದದ್ದು ನಾನು, ನಮ್ಮ ಯಜಮಾನರು ಮತ್ತು ಒಂದು ಮೂಟೆ ಈರುಳ್ಳಿ.

ಬೆಟ್ಟದ ದಾರಿಗೆಂದೇ ಇಟ್ಟುಕೊಂಡಿದ್ದ ನಮ್ಮ ಹಳೇ ಜೀಪಿನ ನೆತ್ತಿಯ ಮೇಲೆ ಈಗ ಮಂಚದಷ್ಟು ದೊಡ್ಡ ಕ್ಯಾರಿಯರ್ ಕೂತಿತ್ತು. ಮೈಸೂರಿನಿಂದ ತರಿಸಿದ್ದು, ಬೇರೆ ಯಾವುದೋ ಗಾಡಿಯ ಅಳತೆಗೆ ಮಾಡಿದ್ದು. ಅಳತೆ ಕೂಡದೆ ಇವನು ಇಲ್ಲೊಂದು ಅಲ್ಲೊಂದು ತೂತು ಕೊರೆದೂ ಕೊರೆದೂ ಜೀಪಿನ ಮೇಲ್ಭಾಗ ಇಡ್ಲಿ ತಟ್ಟೆಯ ಹಾಗೆ ಆಗಿತ್ತು. ಅಷ್ಟಕ್ಕೇ ಬಿಟ್ಟನೇ? ಮುಚ್ಚಿಹೋದ ಹಲ್ಲಿನ ಆಸ್ಪತ್ರೆಯೊಂದರ ಕುರ್ಚಿಗಳಿಂದ ಉದ್ದುದ್ದನೆಯ ಕಬ್ಬಿಣದ ಕೈಗಳನ್ನು ಬಿಚ್ಚಿ ತಂದು ನಾಲ್ಕು ಮೂಲೆಗೂ ಜೋಡಿಸಿದ್ದ. ಮುಂದುಗಡೆ ಒಂದು ಡಬ್ಬಿ, ಡಬ್ಬಿಗೊಂದು ಕಿವಿ.

"ಅತ್ತಿಗೆ, ಮೂಟೆ ಹೊರೋ ಕಷ್ಟ ಇವತ್ತಿಗೆ ಮುಗೀತು! ಸಾಮಾನಿನ ಮೇಲೆ ಕೈಯಿಟ್ಟು ಬಾಯಲ್ಲಿ ಹೇಳಿದ್ರೆ ಸಾಕು." ಅವನು ಕೆಳಗಿಳಿದು ಈರುಳ್ಳಿ ಮೂಟೆಯ ಮೇಲೆ ಕೈಯಿಟ್ಟ. "ಇದು ಬರುತ್ತೆ!"

ಕಿರ್ರೆಂದು ನಾಲ್ಕೂ ಕೈ ಕೆಳಗಿಳಿದವು. ಮೂಟೆಯನ್ನು ಕೂಸಿನ ಹಾಗೆ ಎತ್ತಿ ಮೇಲಿಟ್ಟು, ಬೆಲ್ಟು ಬಿಗಿದು, ಟಾರ್ಪಾಲು ಹೊದಿಸಿ, ಕೊನೆಗೆ ಅದರ ಬೆನ್ನು ತಟ್ಟಿದವು! "ಇದು ಹೋಗುತ್ತೆ" ಅಂದ ತಕ್ಷಣ ಮತ್ತೆ ಕೆಳಗಿಟ್ಟವು. ಒಂದು ಸಿಪ್ಪೆಯೂ ಉದುರಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೂ ಆಸೆಯಾಯಿತು.

"ಬರೀ ಕೈ ಕೊಟ್ಟಿದ್ದೀಯೋ, ಬುದ್ಧೀನೂ ಕೊಟ್ಟಿದ್ದೀಯೋ?" ಎಂದರು ಯಜಮಾನರು.

"ಬುದ್ಧಿನೇ ಅಣ್ಣ! ಮನುಷ್ಯರೂ ಹತ್ತಬಹುದು. ಬರ್ತೀನಿ ಅಂದ್ರೆ ಹತ್ತಿಸುತ್ತೆ, ಹೋಗ್ತೀನಿ ಅಂದ್ರೆ ಇಳಿಸುತ್ತೆ. ನಮ್ಮ ಜನದ ಹಾಗೆ ಒಂದು ಮಾತಿಗೆ ಹತ್ತು ಅರ್ಥ ಇಟ್ಕೊಂಡಿಲ್ಲ. ಇನ್ನೂ ಕೇಳಿ, ಮೇಲೆ ಜಾಗ ಭರ್ತಿಯಾದ್ರೆ ತಾನೇ ಸ್ಟಾರ್ಟಾಗಿ ಕಲ್ಮುರಡಿ ಬೆಟ್ಟಕ್ಕೆ ಹೊರಡುತ್ತೆ! ನಮ್ಮ ಕಡೆ ಜೀಪು ಗಡಿಯಾರ ನೋಡ್ಕೊಂಡು ಹೊರಟಿದ್ದು ಎಲ್ಲಾದ್ರೂ ಉಂಟಾ? ತುಂಬಿದ ಮೇಲೆ ತಾನೇ ಹೊರಡೋದು!"

"ಸಾಕು, ಆಚೆ ಬೀದೀಲಿ ನಿಲ್ಲಿಸು ಇದನ್ನ. ಮಧ್ಯಾಹ್ನ ಅವರು ಬರ್ತಾರೆ" ಎಂದೆ.

ಅವರು ಎಂದರೆ ಹೆಣ್ಣಿನ ಕಡೆಯವರು. ಗುರುಮಲ್ಲುವಿಗೆ ನಲವತ್ತು ದಾಟಿತ್ತು. ಬಂದ ಸಂಬಂಧವೆಲ್ಲ ಅವನ ಯಂತ್ರಗಳ ಬಾಯಿಗೇ ಬಿದ್ದಿತ್ತು. ಒಂದು ಸಲ ಅವನ ತಾನೇ ತೆರೆಯುವ ಬಾಗಿಲು ಹುಡುಗಿಯ ಸೋದರಮಾವನ ಪಂಚೆಯನ್ನು ಒಳಗಿಟ್ಟುಕೊಂಡು ಅವರನ್ನು ಮಾತ್ರ ಆಚೆ ಕಳಿಸಿತ್ತು. ಆಗೆಲ್ಲ ಇವನು ನಕ್ಕು ಸುಮ್ಮನಾಗುತ್ತಿದ್ದ. ಆದರೆ ಈ ಸಲ ಹಾಗಲ್ಲ. ನಮ್ಮ ಹಸುವಿನ ಗೊರಸು ನೋಡಲು ಬಂದಿದ್ದ ದನದ ಡಾಕ್ಟರು ಸರ್ವಮಂಗಳಾರನ್ನು ಕಂಡ ದಿನದಿಂದ ಇವನು ತಲೆ ಬಾಚಲು ಶುರು ಮಾಡಿದ್ದ! ಗೊರಸು ವಾಸಿಯಾದ ಮೇಲೂ "ಹಸು ಯಾಕೋ ಮಂಕಾಗಿದೆ" ಎಂದು ಫೋನು ಮಾಡುತ್ತಿದ್ದ. ನನಗೆ ಅವನ ಮೇಲೆ ಸಿಟ್ಟೂ ಇದೆ, ಅಕ್ಕರೆಯೂ ಇದೆ. ಅವನ ಮದುವೆಯಾಗಬೇಕು, ಅವನ ಯಂತ್ರಗಳಿಂದ ತುಂಬಿಹೋದ ನನ್ನ ಉಗ್ರಾಣ ಖಾಲಿಯಾಗಬೇಕು. ಎರಡಕ್ಕೂ ನಾನು ಒಂದೇ ದೇವರಿಗೆ ಹರಕೆ ಹೊತ್ತಿದ್ದೆ.

ಅವನು ಜೀಪನ್ನು ಬೀದಿಗೆ ತಿರುಗಿಸುವಷ್ಟರಲ್ಲಿ ಪಕ್ಕದ ಮನೆಯ ಪುಟ್ಟತಾಯಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಬಟ್ಟಲು ತುಂಬಿಸಿಕೊಂಡರು, ಹೆಣ್ಣಿನ ಕಡೆಯವರ ವಿಚಾರವನ್ನೆಲ್ಲ ಕೇಳಿ ತಿಳಿದುಕೊಂಡರು, ಹೊರಟರು. ಹೊರಡುವಾಗ ಎಲ್ಲರೂ ಹೇಳುವಂತೆ ಹೇಳಿದರು.

"ಬತ್ತೀನಿ ಕನವ್ವಾ."

ಕಿರ್ರ್! ನಾನು ಬಾಯಿ ತೆರೆಯುವಷ್ಟರಲ್ಲಿ ಪುಟ್ಟತಾಯಮ್ಮ ಬಟ್ಟಲ ಸಮೇತ ಆಕಾಶಕ್ಕೆ ಏರಿಬಿಟ್ಟಿದ್ದರು! ಬೆಲ್ಟು ಬಿತ್ತು, ಬೆನ್ನು ತಟ್ಟಿದ್ದೂ ಆಯಿತು.

"ಅಯ್ಯಯ್ಯೋ! ಏನ್ಲಾ ಇದು ಗುರುಮಲ್ಲು!"

"ಹೆದರಬೇಡಿ ದೊಡ್ಡಮ್ಮ! ಹೋಗ್ತೀನಿ ಅನ್ನಿ, ಇಳಿಸುತ್ತೆ!"

ಪುಟ್ಟತಾಯಮ್ಮ ಕೆನ್ನೆ ಬಡಿದುಕೊಂಡರು. "ಬುಡ್ತು ಅನ್ಲಾ! ಮುತ್ತೈದೆ ಬಾಯಲ್ಲಿ ಆ ಮಾತಾ? ಅದೂ ಹೆಣ್ಣಿನ ಕಡೆಯೋರು ಬರೋ ದಿವ್ಸ? ನಾಳಿಕ್ಕೆ ಏನಾರ ಆದ್ರೆ ಆ ಪುಟ್ಟತಾಯಿ ಬಾಯೇ ಕಾರಣ ಅಂತೀರ!"

"ಹಾಗಾದ್ರೆ ನಾನೇ ಹೇಳ್ತೀನಿ. ಇವರು ಹೋಗ್ತಾರೆ!" ಎಂದು ನಾನು ಕೂಗಿದೆ. ಯಂತ್ರ ಕಿವಿಗೇ ಹಾಕಿಕೊಳ್ಳಲಿಲ್ಲ.

"ಆಗಲ್ಲ ಅತ್ತಿಗೆ. ಬಾಯಿ ಇರೋರು ತಾವೇ ಹೇಳ್ಬೇಕು. ಇಲ್ಲದಿದ್ರೆ ದಾರೀಲಿ ಯಾರು ಬೇಕಾದ್ರೂ ಯಾರನ್ನ ಬೇಕಾದ್ರೂ ಇಳಿಸಿಬಿಡ್ತಾರಲ್ಲ!"

"ಆರಿಸೋ ಹಾಳಾದ್ದನ್ನ!"

"ಆರಿಸಿದ್ರೆ ಕೈಗಳು ಇನ್ನೂ ಬಿಗಿಯಾಗ್ತವೆ. ಸಾಮಾನು ಬೀಳಬಾರದಲ್ಲ!"

"ಕ್ಯಾರಿಯರನ್ನೇ ಬಿಚ್ಚೋ!"

ಅವನು ತಲೆ ಕೆರೆದುಕೊಂಡ. "ಕಳ್ಳರು ಬಿಚ್ಚಬಾರದು ಅಂತ ನಟ್ಟುಗಳ ತಲೇನೇ ತೇದು ಹಾಕಿದೀನಿ."

ಕಳ್ಳರಿಗೂ ಆಗದ್ದು, ಕಟ್ಟಿದವನಿಗೂ ಆಗದ್ದು! ಇಷ್ಟು ಹೊತ್ತಿಗೆ ಪುಟ್ಟತಾಯಮ್ಮನ ಗಾಬರಿ ಇಳಿದಿತ್ತು. ಅಲ್ಲಿಂದ ಇಡೀ ಬೀದಿಯ ಮಹಡಿಗಳು ಕಾಣುತ್ತಿದ್ದವು. "ಅವ್ವಾ, ರೇಷನ್ ಅಂಗಡಿಯೋರ ಮಾಳಿಗೆ ಮ್ಯಾಲೆ ಎಷ್ಟೊಂದು ಹಪ್ಪಳ ಒಣಗಾಕವ್ರೆ ನೋಡು! ಕೇಳುದ್ರೆ ಮಾತ್ರ ಒಂದೂ ಇಲ್ಲ ಅಂತಾರೆ" ಎಂದು ವರದಿ ಶುರುಮಾಡಿದರು.

ಅಷ್ಟರಲ್ಲಿ ಬೀದಿ ತಿರುವಿನಲ್ಲಿ ಆಟೋ ಸದ್ದು. ಬಂದೇಬಿಟ್ಟರು! ಗುರುಮಲ್ಲು ಟಾರ್ಪಾಲು ಎಳೆದು ಪುಟ್ಟತಾಯಮ್ಮನನ್ನು ಮುಚ್ಚಿದ. "ದೊಡ್ಡಮ್ಮ, ಒಂದರ್ಧ ಗಂಟೆ ನೀವು ಈರುಳ್ಳಿ ಮೂಟೆ" ಎಂದು ಕೈಮುಗಿದ.

ಬಂದವರು ಮೂವರು. ಸರ್ವಮಂಗಳಾ, ಅವರ ತಂದೆ ಶಂಭುಲಿಂಗಪ್ಪ ಮೇಷ್ಟ್ರು, ಮತ್ತು ಸೋದರತ್ತೆ ನಾಗಾಂಬಿಕೆ. ಹೆಣ್ಣೇ ಗಂಡಿನ ಮನೆ ನೋಡಲು ಬರುವುದು ನಮ್ಮಲ್ಲಿ ಪದ್ಧತಿಯಲ್ಲ. "ಇರಬೇಕಾದವಳು ನಾನು, ನೋಡೋರು ಮಾತ್ರ ಬೇರೆಯವರಾ?" ಎಂದು ಹುಡುಗಿ ಹೊರಟುಬಂದಿದ್ದಳಂತೆ. ಆ ಒಂದು ಮಾತಿಗೇ ನನಗೆ ಹುಡುಗಿ ಒಪ್ಪಿಗೆಯಾಗಿದ್ದಳು.

ಜಗುಲಿಯ ಮೇಲೆ ಶಾವಿಗೆ ಉಪ್ಪಿಟ್ಟು, ಕೇಸರಿಭಾತು, ಕಾಫಿ ಎಲ್ಲ ಸುಸೂತ್ರವಾಗಿ ನಡೆಯಿತು. ಮೇಷ್ಟ್ರು ಕನ್ನಡ ಪಂಡಿತರು. ನಮ್ಮ ಮನೆಯವರು "ಇನ್ನೊಂಚೂರು ಶ್ಯಾವಿಗೆ" ಅಂದರೆ "ಶಾವಿಗೆ" ಎಂದು ತಿದ್ದಿ, ಆಮೇಲೆ ತಿನ್ನುವವರು. ನಡುವೆ ಜೀಪಿನ ಕಡೆಯಿಂದ "ನಂಗೂ ಒಂದ್ ಲೋಟ ಕಾಪಿ" ಎಂಬ ಸಣ್ಣ ದನಿ ಬಂತು.

"ಯಾರದು?" ನಾಗಾಂಬಿಕೆ ಕತ್ತು ಚಾಚಿದರು.

"ಜೀಪು" ಎಂದ ಗುರುಮಲ್ಲು. "ಹಳೇದು. ಆಗಾಗ ಸದ್ದು ಮಾಡುತ್ತೆ."

ಸರ್ವಮಂಗಳಾ ನಗು ತಡೆದುಕೊಂಡು, "ಹಸು ಮಂಕಾಗಿದೆ ಅಂದಿದ್ರಲ್ಲ, ನೋಡ್ಬಿಡ್ತೀನಿ" ಎಂದು ಕೊಟ್ಟಿಗೆಯ ಕಡೆ ನಡೆದಳು. ನನ್ನ ಯಜಮಾನರು ಒಳಗೆ ತಾಂಬೂಲ ತರಲು ಹೋದರು. ಮೇಷ್ಟ್ರು ಎದ್ದು ಅಂಗಳಕ್ಕಿಳಿದು ಪ್ರಸನ್ನರಾಗಿ ಕೈಮುಗಿದರು. "ಮನೆ, ಮನೆತನ, ಎರಡೂ ನಮಗೆ ಒಪ್ಪಿಗೆ. ಹುಡುಗಿ ಮಾತೊಂದು ಬಾಕಿ. ಅವಳು ಬಂದ ಕೂಡಲೇ…"

"ಸಾರ್, ದಯವಿಟ್ಟು ಮುಂದಕ್ಕೆ ಹೇಳಬೇಡಿ!" ಗುರುಮಲ್ಲು ಓಡಿದ.

"…ನಾವು ಬರ್ತೀವಿ."

ಬಹುವಚನ! ಎರಡು ಕೈ ಮೇಷ್ಟ್ರನ್ನು ಎತ್ತಿದವು, ಇನ್ನೆರಡು ನಾಗಾಂಬಿಕೆಯವರನ್ನು ಎತ್ತಿದವು! ಟಾರ್ಪಾಲು ಸರಿದು, "ಬನ್ನಿ ಬನ್ನಿ, ಇಲ್ಲಿ ಕುಂತ್ಕಳಿ, ಗಾಳಿ ಚೆನ್ನಾಗಿ ಬತ್ತದೆ" ಎಂದು ಪುಟ್ಟತಾಯಮ್ಮ ಒತ್ತಿ ಕುಳಿತು ಜಾಗ ಕೊಟ್ಟರು. ನಾಗಾಂಬಿಕೆಯವರು ಚೀರಿದ ಚೀರಾಟಕ್ಕೆ ಮಹಡಿಯ ಮೇಲಿನ ಕಾಗೆಗಳೆಲ್ಲ ಎದ್ದುಹೋದವು.

"ರೀ! ಬೇಗ ಬನ್ರೀ!" ಎಂದು ನಾನು ಒಳಗೆ ಕೂಗಿದೆ.

"ಬಂದೆ, ಬಂದೆ!" ಎಂದರು ಯಜಮಾನರು. ಇವರು "ಬಂದೆ" ಎಂದರೆ ಇನ್ನೂ ಎಲೆ ಎಣಿಸುತ್ತಿದ್ದಾರೆ ಎಂದು ಅರ್ಥ. ಅದು ನನಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲವಲ್ಲ! ಬಂದೆ ಎಂದವನು ಮೇಲೆ ಕಾಣದೆ ಅದಕ್ಕೆ ದಿಗಿಲಾಗಿರಬೇಕು. ಎರಡು ಕೈ ನೀಳವಾಗಿ ಚಾಚಿ ಕಿಟಕಿಯೊಳಗೆ ನುಗ್ಗಿ, ತಡಕಾಡಿ, ಇವರನ್ನು ಅಡಿಕೆ ತಟ್ಟೆಯ ಸಮೇತ ಈಚೆಗೆ ಎಳೆದು ಮೇಲೆ ಕೂರಿಸಿದವು.

"ನೀವಾದ್ರೂ ಹೋಗ್ತೀನಿ ಅನ್ರೀ!" ಎಂದೆ.

"ಬೀಗರು ಮೇಲಿರುವಾಗ ನಾನೊಬ್ಬನೇ ಇಳಿದರೆ ಚೆನ್ನಾಗಿರುತ್ತೇನೇ?" ಎಂದು ಇವರು ಮೇಷ್ಟ್ರ ಮುಂದೆ ತಟ್ಟೆ ಹಿಡಿದರು.

ಗುರುಮಲ್ಲು ಮೇಷ್ಟ್ರಿಗೆ ವಿಷಯ ವಿವರಿಸಿದ. ಮೇಷ್ಟ್ರ ಮುಖ ಕೆಂಪಾಯಿತು. "ಏನಯ್ಯಾ! ಹೆಣ್ಣು ಕೊಡೋಕೆ ಬಂದ ಮನೆ ಬಾಗಿಲಲ್ಲಿ ನಿಂತು ಅಂಥ ಮಾತು ಅನ್ನೋದೇ? ಅಂದರೆ ಸಂಬಂಧ ಮುರೀತು ಅಂತಲೇ! ನನ್ನ ಮಗಳ ವಿಷಯದಲ್ಲಿ ನನ್ನ ಬಾಯಿಂದ ಆ ಮಾತು ಬರಲ್ಲ!" ಆಮೇಲೆ ಸ್ವಲ್ಪ ಯೋಚಿಸಿ, "ಇರು. ಭಾಷೆಯಲ್ಲೇ ದಾರಿ ಇದೆ. ಕೃದಂತಾವ್ಯಯ!" ಎಂದು ಕನ್ನಡಕ ಸರಿಮಾಡಿಕೊಂಡು ಸ್ಪಷ್ಟವಾಗಿ ನುಡಿದರು. "ಹೋಗಿ ಬರುತ್ತೇನೆ."

ಯಂತ್ರ ಅವರನ್ನು ಮೃದುವಾಗಿ ಕೆಳಗಿಳಿಸಿತು. ಮೇಷ್ಟ್ರು ಗೆಲುವಿನ ನಗೆ ನಕ್ಕರು. ಮರುಕ್ಷಣ ಯಂತ್ರ ಅವರನ್ನು ಮತ್ತೆ ಮೇಲೆತ್ತಿತು! ಹೋದದ್ದಾಯಿತು, ಬಂದದ್ದೂ ಆಯಿತು. ವ್ಯಾಕರಣದಲ್ಲಿ ಒಂದು ತಪ್ಪು ಹುಡುಕುವಂತಿಲ್ಲ. ಮೇಷ್ಟ್ರು ಬಿಡಲಿಲ್ಲ. ಮತ್ತೆ ಹೇಳಿದರು, ನೆಲ ಮುಟ್ಟಿದ ಕೂಡಲೇ ಪಂಚೆ ಎತ್ತಿ ಓಡಿದರು. ಗೇಟಿನ ಹತ್ತಿರ ಸಿಕ್ಕಿಬಿದ್ದರು. ಮೂರನೆಯ ಸಲ ಒಂದು ಚಪ್ಪಲಿ ಕೆಳಗೇ ಉಳಿಯಿತು. ಆಮೇಲೆ ಸುಸ್ತಾಗಿ ಕುಳಿತು ಅಡಿಕೆ ಬಾಯಿಗೆ ಹಾಕಿಕೊಂಡರು.

"ಇಂಥಾ ಮನೆಗೆ ನಮ್ಮ ಮಂಗಳಾನ ಕೊಟ್ಟಹಾಗೇ!" ಎಂದು ನಾಗಾಂಬಿಕೆ ಮೇಲಿಂದ ತೀರ್ಪು ಕೊಟ್ಟರು. ಆದರೂ ಮೇಷ್ಟ್ರನ್ನು ಮೇಲೆ ಬಿಟ್ಟು ತಾವೊಬ್ಬರೇ ಆ ಮಾತು ಆಡಿ ಇಳಿಯಲು ಅವರಿಗೂ ಮನಸ್ಸು ಬರಲಿಲ್ಲ.

ಗುರುಮಲ್ಲು ಬಾಚಿದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದ. ಬೈಯೋಣ ಎಂದು ಹೋದವಳು ಅವನ ಮುಂದೆ ಒಂದು ಲೋಟ ನೀರು ಇಟ್ಟೆ.

ಅಷ್ಟರಲ್ಲಿ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಸರ್ವಮಂಗಳಾ ಬಂದಳು. "ಹಸುಗೆ ಏನೂ ಆಗಿಲ್ಲ, ಮಂಕು ಬೇರೆ ಯಾರಿಗೋ ಇರಬೇಕು" ಎನ್ನುತ್ತಿದ್ದವಳು ತಲೆ ಎತ್ತಿ ನೋಡಿದಳು. ಅಪ್ಪ, ಸೋದರತ್ತೆ, ಗುರುತಿಲ್ಲದ ಒಬ್ಬ ಮುದುಕಿ, ಆಗಬೇಕಾದ ಭಾವ, ಎಲ್ಲರೂ ಜೀಪಿನ ಮೇಲೆ ಬೆಲ್ಟು ಬಿಗಿದುಕೊಂಡು ಸಾಲಾಗಿ ಕುಳಿತಿದ್ದಾರೆ! ಇನ್ನು ಒಬ್ಬರಿಗೆ ಮಾತ್ರ ಜಾಗವಿತ್ತು. ಯಂತ್ರ ಆಗಲೇ ಪಾಂ ಪಾಂ ಎಂದು ಹಾರನ್ ಹೊಡೆದು ಗಿರಾಕಿ ಕರೆಯುತ್ತಿತ್ತು.

ಗುರುಮಲ್ಲು ಎದ್ದು ನಿಂತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. "ಅದಕ್ಕೇ ಡಾಕ್ಟ್ರೇ, ನೀವು ಮಾಮೂಲಿ ಮಾತು ಹೇಳಬೇಡಿ. ಹೋಗ್ತೀನಿ ಅಂತಲೇ ಅಂದು ಹೋಗ್ಬಿಡಿ. ನಾನೇನೂ ತಪ್ಪು ತಿಳ್ಕೊಳಲ್ಲ. ಇವರನ್ನೆಲ್ಲ ಹೇಗಾದ್ರೂ ಇಳಿಸಿ ಮನೆಗೆ ತಲುಪಿಸ್ತೀನಿ."

ಸರ್ವಮಂಗಳಾ ಜೀಪನ್ನು ಒಂದು ಸುತ್ತು ಹಾಕಿದಳು. ತೂತುಗಳನ್ನು ನೋಡಿದಳು, ಬೆಲ್ಟು ಎಳೆದು ನೋಡಿದಳು.

"ಹಸು ಎತ್ತುತ್ತಾ?"

"ಒಂದೂವರೆ ಹಸು ಎತ್ತುತ್ತೆ."

"ಕಲ್ಮುರಡಿ ಮೇಲಿನ ದೊಡ್ಡೀಲಿ ಕಾಲು ಮುರ್ಕೊಂಡ ಹಸು ಕೆಳಗೆ ತರೋಕಾಗದೆ ಅಲ್ಲೇ ಸಾಯುತ್ತೆ. ಅದನ್ನ ನೋಡಿ ನೋಡಿ ಸಾಕಾಗಿದೆ ನನಗೆ. ಆ ಏರು ಹತ್ತುತ್ತಾ ಇದು?"

"ಹತ್ತುತ್ತೆ ಡಾಕ್ಟ್ರೇ" ಎಂದ. ಈ ಸಲ ಜಂಬ ಇರಲಿಲ್ಲ.

"ಮಂಗಳಾ, ಆ ಮಾತು ಅಂದುಬಿಟ್ಟು ಮನೆಗೆ ಹೋಗೇ!" ನಾಗಾಂಬಿಕೆ ಕೂಗಿದರು. ಮೇಷ್ಟ್ರು ಅಡಿಕೆ ಅಗಿಯುವುದನ್ನು ನಿಲ್ಲಿಸಿ ಮಗಳ ಬಾಯಿಯನ್ನೇ ನೋಡುತ್ತಿದ್ದರು.

ಹುಡುಗಿ ಸೆರಗು ಸಿಕ್ಕಿಸಿಕೊಂಡು ಯಂತ್ರದ ಕಿವಿಯ ಹತ್ತಿರ ಹೋದಳು. ಗುರುಮಲ್ಲುವಿನ ಕಡೆ ತಿರುಗಿ, ಅವನನ್ನು ನೋಡಿಕೊಂಡೇ ಹೇಳಿದಳು.

"ಬರ್ತೀನಿ."

ಕಿರ್ರ್! ಅಷ್ಟು ಮರ್ಯಾದೆಯಿಂದ ಯಾರನ್ನೂ ಅದು ಎತ್ತಿರಲಿಲ್ಲ. ಜಾಗ ಭರ್ತಿಯಾಯಿತು. ಜೀಪು ಗುಡುಗಿ, ಕೆಮ್ಮಿ, ಚಾಲಕನಿಲ್ಲದೆ ಗೇಟು ದಾಟಿ ಬೆಟ್ಟದ ದಾರಿ ಹಿಡಿಯಿತು! ಮೇಲಿಂದ ಪುಟ್ಟತಾಯಮ್ಮ ಸೋಬಾನೆ ಶುರುಮಾಡಿದರು. ನಮ್ಮ ಯಜಮಾನರು ಮತ್ತು ಮೇಷ್ಟ್ರು ಅಲ್ಲೇ ತಾಂಬೂಲ ಬದಲಾಯಿಸಿಕೊಂಡರು. ನಾಗಾಂಬಿಕೆಯವರು ಮಾತ್ರ ಕಣ್ಣು ಮುಚ್ಚಿ ದೇವರ ನಾಮ ಹೇಳುತ್ತಿದ್ದರು.

"ನಾನೂ ಬರ್ತೀನಿ! ನಾನೂ ಬರ್ತೀನಿ!" ಎಂದು ಕೂಗುತ್ತ ಗುರುಮಲ್ಲು ಹಿಂದೆಯೇ ಓಡಿದ. ಯಂತ್ರ ಒಂದು ಕೈ ಹೊರಚಾಚಿ, ಜಾಗವಿಲ್ಲ ಎಂದು ಆಡಿಸಿತು.

ಬೀದಿ ಕೊನೆಯವರೆಗೆ ಓಡಿ ಏದುಸಿರು ಬಿಡುತ್ತ ವಾಪಸು ಬಂದ. "ಅತ್ತಿಗೆ, ಬರ್ತೀನಿ ಅಂದ್ರಲ್ಲ, ಅದು ಯಾವ ಅರ್ಥದಲ್ಲಿ?"

"ಆ ಹುಡುಗಿ ಎರಡು ಅರ್ಥ ಇಟ್ಕೊಂಡು ಮಾತಾಡೋಳಲ್ಲ ಕಣಪ್ಪ. ಸೈಕಲ್ ತಗೊಂಡು ಹೊರಡು" ಎಂದೆ.

ಅವನು ಹೊರಟ. ಗಂಡನ್ನು ಮನೆಯಲ್ಲೇ ಬಿಟ್ಟು ಹೊರಟ ದಿಬ್ಬಣವನ್ನು ನಾನು ನೋಡಿದ್ದು ಅದೇ ಮೊದಲು.